ಹೆವಿ ಲೈಸೆನ್ಸ್ ಇದೆ, ಅನುಭವ ಇಲ್ಲ: ಮೊದಲ ಡ್ರೈವಿಂಗ್ ಕೆಲಸ ಆರಿಸುವುದು ಹೇಗೆ?

ಲಾರಿ ಓನರ್‌ಗಳನ್ನು ಕೇಳಿದರೆ ಡ್ರೈವರ್ ಸಿಗುತ್ತಿಲ್ಲ ಅನ್ನುತ್ತಾರೆ. ಹೊಸದಾಗಿ ಹೆವಿ ಲೈಸೆನ್ಸ್ ಮಾಡಿಸಿದ ಹುಡುಗರನ್ನು ಕೇಳಿದರೆ ಕೆಲಸ ಸಿಗುತ್ತಿಲ್ಲ ಅನ್ನುತ್ತಾರೆ. ಎರಡೂ ನಿಜ. ಮೊದಲು ಈ ಕೆಲಸಕ್ಕೆ ಬರುವ ದಾರಿ ಎಲ್ಲರಿಗೂ ಗೊತ್ತಿತ್ತು. ಕ್ಲೀನರ್ ಆಗಿ ಸೇರಬೇಕು, ಕೆಲವು ವರ್ಷ ಗಾಡಿ ತೊಳೆಯಬೇಕು, ಹಗ್ಗ ಬಿಗಿಯಬೇಕು, ಟೈರ್ ಬಿಚ್ಚಬೇಕು. ಡ್ರೈವರ್ ಪಕ್ಕ ಕೂತು ರಸ್ತೆ ನೋಡಿ ನೋಡಿಯೇ ಅರ್ಧ ಕೆಲಸ ಬಂದುಬಿಡುತ್ತಿತ್ತು. ಈಗ ಖರ್ಚು ಉಳಿಸಲು ಎಷ್ಟೋ ಓನರ್‌ಗಳು ಕ್ಲೀನರ್ ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದಾರೆ. ಹಳೇ ದಾರಿ ಮುಚ್ಚಿತು, ಅದರ ಜಾಗಕ್ಕೆ ಹೊಸದು ಬರಲಿಲ್ಲ.

ಓನರ್ ಕಡೆಯಿಂದಲೂ ಸ್ವಲ್ಪ ಯೋಚಿಸಿ. ಹೊಸ ಹತ್ತು ಚಕ್ರದ ಲಾರಿ ಅಂದರೆ 30 ಲಕ್ಷಕ್ಕೂ ಮೇಲಿನ ಮಾತು, ಅದಕ್ಕೆ ತಿಂಗಳ ಕಂತು ಬೇರೆ. ಒಳಗಿರುವ ಸರಕು ಬೇರೆಯವರದು. ಡ್ರೈವರ್‌ಗೆ ಆ ಗಾಡಿಗೆ ಸರಿಯಾದ ಲೈಸೆನ್ಸ್ ಇಲ್ಲದೆ ಅಪಘಾತವಾದರೆ, ಇನ್ಶೂರೆನ್ಸ್ ಕಂಪನಿ ಪರಿಹಾರದ ಹಣವನ್ನು ಓನರ್‌ನಿಂದಲೇ ವಸೂಲಿ ಮಾಡಬಹುದು. ಹಾಗಾಗಿ "ಯಾವ ಗಾಡಿ ಓಡಿಸಿದ್ದೀಯ, ಎಲ್ಲಿಗೆ ಹೋಗಿದ್ದೀಯ?" ಅಂತ ಅವರು ಕೇಳೋದರಲ್ಲಿ ತಪ್ಪಿಲ್ಲ. ಆ ಪ್ರಶ್ನೆಗೆ ಉತ್ತರ ಕೊಡುವ ಹಾಗೆ ನಿಮ್ಮನ್ನು ತಯಾರು ಮಾಡುವ ಮೊದಲ ಕೆಲಸ ಯಾವುದು ಅನ್ನೋದೇ ಇಲ್ಲಿನ ವಿಷಯ.

ನನ್ನ ಅಳತೆ ಒಂದೇ. ಮೊದಲ ವರ್ಷ ಸಂಬಳ ಎಷ್ಟು ಅನ್ನೋದಕ್ಕಿಂತ, ಕ್ಯಾಬಿನ್‌ನಲ್ಲಿ ನಿಮ್ಮ ಪಕ್ಕ ಯಾರು ಕೂರುತ್ತಾರೆ ಅಂತ ನೋಡಿ. ಕಲಿಸುವವರು ಯಾರೂ ಇಲ್ಲದಿದ್ದರೆ, ಗಾಡಿಯಾದರೂ ಚಿಕ್ಕದಿರಲಿ.

ಮೊದಲು ಲೈಸೆನ್ಸ್ ತೆಗೆದು ನೋಡಿ

ಹೆವಿ ಸರಕು ಗಾಡಿಯ (ಟ್ರಾನ್ಸ್‌ಪೋರ್ಟ್) ಲೈಸೆನ್ಸ್‌ಗೆ 20 ವರ್ಷ ತುಂಬಿರಬೇಕು, ಎಲ್‌ಎಂವಿ (ಕಾರಿನಂಥ ಲಘು ವಾಹನದ) ಲೈಸೆನ್ಸ್ ಸಿಕ್ಕಿ ಕನಿಷ್ಠ ಒಂದು ವರ್ಷ ಆಗಿರಬೇಕು. ಎಂಟನೇ ಕ್ಲಾಸ್ ಪಾಸಾಗಿರಬೇಕು ಅನ್ನೋ ನಿಯಮವನ್ನು 2019ರಲ್ಲಿ ತೆಗೆದಿದ್ದಾರೆ. ಓದಲಿಲ್ಲ ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ. ಈಗ ಟ್ರಾನ್ಸ್‌ಪೋರ್ಟ್ ಲೈಸೆನ್ಸ್ 5 ವರ್ಷಕ್ಕೆ ಬರುತ್ತದೆ. ರಿನೀವಲ್ ದಿನಾಂಕವನ್ನು ಮೊಬೈಲ್‌ನಲ್ಲಿ ಹಾಕಿಡಿ.

ಇನ್ನೊಂದು ವಿಷಯ ಎಷ್ಟೋ ಜನರಿಗೆ ಗೊತ್ತಿಲ್ಲ. ಗಾಡಿ, ಲೋಡ್ ಎರಡೂ ಸೇರಿ ಒಟ್ಟು ತೂಕ 7,500 ಕೆ.ಜಿ. ದಾಟದ ಸರಕು ವಾಹನವನ್ನು ಬರೀ ಎಲ್‌ಎಂವಿ ಲೈಸೆನ್ಸ್‌ನಲ್ಲೇ ಓಡಿಸಬಹುದು. ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್‌ನಲ್ಲಿ ಇದನ್ನು ಖಚಿತ ಮಾಡಿತು. ಅಂದರೆ ಹೆವಿ ಲೈಸೆನ್ಸ್ ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಟಾಟಾ ಏಸ್, ದೋಸ್ತ್, ಬೊಲೆರೊ ಪಿಕಪ್, 407 ಇವೆಲ್ಲ ಈ ತೂಕದ ಒಳಗೇ ಬರುತ್ತವೆ.

ಸೆಕೆಂಡ್ ಡ್ರೈವರ್ ಆಗಿ ನ್ಯಾಷನಲ್ ಪರ್ಮಿಟ್ ಲಾರಿಗೆ

ಕೆಲಸ ಚೆನ್ನಾಗಿ ಕಲಿಯೋದು ಇಲ್ಲೇ. ಹಳೇ ಡ್ರೈವರ್ ಒಬ್ಬರು, ಜೊತೆಗೆ ನೀವು. ಬೆಂಗಳೂರಿನಿಂದ ಮಂಗಳೂರು, ಹುಬ್ಬಳ್ಳಿಯಿಂದ ಮುಂಬೈ, ದಾವಣಗೆರೆಯಿಂದ ಚೆನ್ನೈ, ಹೀಗೆ ಲೋಡ್ ಸಿಕ್ಕ ಕಡೆಗೆ ಓಟ. ಶುರುವಿನಲ್ಲಿ ನೇರ ಹೈವೇಯಲ್ಲಿ, ಹಗಲು ಹೊತ್ತು, ಖಾಲಿ ಗಾಡಿ ಕೊಡುತ್ತಾರೆ. ನಂಬಿಕೆ ಬಂದ ಮೇಲೆ ಲೋಡ್ ಗಾಡಿ. ಆಮೇಲೆ ರಾತ್ರಿ. ಎಲ್ಲಕ್ಕಿಂತ ಕೊನೆಗೆ ಘಾಟಿ.

ಘಾಟಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳಲೇಬೇಕು. ಸಕಲೇಶಪುರ ದಾಟಿ ಶಿರಾಡಿ ಇಳಿಯುವಾಗ ಅಥವಾ ಯಲ್ಲಾಪುರದಿಂದ ಅರಬೈಲ್ ಇಳಿಯುವಾಗ ಲೋಡ್ ಗಾಡಿಯನ್ನು ಹಿಡಿದಿಡಬೇಕಾದ್ದು ಗೇರ್ ಮತ್ತು ಎಕ್ಸಾಸ್ಟ್ ಬ್ರೇಕ್ (ಹೊಗೆ ತಡೆದು ಎಂಜಿನ್‌ನಿಂದಲೇ ವೇಗ ತಗ್ಗಿಸುವ ಬ್ರೇಕ್). ಕಾಲಿನ ಬ್ರೇಕ್ ಮೇಲೆಯೇ ಇಳಿಸಿದರೆ ಲೈನರ್ ಕಾದು, ಅರ್ಧ ದಾರಿಗೆ ಬ್ರೇಕ್ ಹಿಡಿಯುವುದೇ ಕಮ್ಮಿ ಆಗುತ್ತದೆ. ಪದೇ ಪದೇ ಒತ್ತಿದರೆ ಬ್ರೇಕ್ ಹಿಡಿಸುವ ಏರ್ ಪ್ರೆಷರ್ ಕೂಡ ಇಳಿಯುತ್ತದೆ. ಡೀಸೆಲ್ ಉಳಿಯುತ್ತದೆ ಅಂತ ಕೆಲವರು ನ್ಯೂಟ್ರಲ್ ಮಾಡಿ ಇಳಿಸುತ್ತಾರೆ. ಆ ಪಾಠ ಹೇಳಿಕೊಡುವ ಡ್ರೈವರ್ ಎಷ್ಟೇ ವರ್ಷ ಓಡಿಸಿರಲಿ, ಅವರ ಗಾಡಿ ಹತ್ತಬೇಡಿ. ಮೇಲೆ ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್ ಅಂತ ಹೇಳುವ ಡ್ರೈವರ್ ಸಿಕ್ಕರೆ, ಸಂಬಳ ಎರಡು ಸಾವಿರ ಕಮ್ಮಿ ಇದ್ದರೂ ಅವರ ಜೊತೆಗೇ ಹೋಗಿ. ಡ್ರೈವಿಂಗ್ ಸ್ಕೂಲ್‌ನಲ್ಲಿ ಯಾರೂ ನಿಮ್ಮನ್ನು ಲೋಡ್ ಗಾಡಿಯಲ್ಲಿ ಶಿರಾಡಿಗೆ ಕರೆದುಕೊಂಡು ಹೋಗಿರೋದಿಲ್ಲ, ಅಲ್ವಾ?

ಲಾಂಗ್ ರೂಟ್‌ನಲ್ಲಿ ಕಲಿಯೋದು ಬರೀ ಸ್ಟೇರಿಂಗ್ ಮಾತ್ರ ಅಲ್ಲ. ತಾಡಪಾಲು ಹೇಗೆ ಕಟ್ಟಿದರೆ ಮಳೆನೀರು ನಿಲ್ಲುವುದಿಲ್ಲ, ಕಬ್ಬಿಣದ ಲೋಡ್ ಹಿಂದೆ ಜಾಸ್ತಿ ಕೂತರೆ ಸ್ಟೇರಿಂಗ್ ಹೇಗೆ ಹಗುರವಾಗುತ್ತದೆ, ಇ-ವೇ ಬಿಲ್ (ಸರಕು ಸಾಗಿಸಲು ಬೇಕಾದ ಜಿಎಸ್‌ಟಿ ದಾಖಲೆ) ಅವಧಿ ಮುಗಿಯುವ ಮುಂಚೆ ಯಾರಿಗೆ ಫೋನ್ ಮಾಡಬೇಕು, ಬಿಎಸ್-6 ಗಾಡಿಯಲ್ಲಿ ಹೊಗೆ ಶುದ್ಧ ಮಾಡುವ ದ್ರವವಾದ ಆ್ಯಡ್‌ಬ್ಲೂ ಖಾಲಿಯಾದರೆ ಎಂಜಿನ್ ಎಳೆಯುವುದನ್ನೇ ಬಿಡುತ್ತದೆ ಅನ್ನೋದು. ಸುರಕ್ಷಿತವಾಗಿ ಎಲ್ಲಿ ನಿಲ್ಲಿಸಿ ಮಲಗಬೇಕು, ಎಲ್ಲಿ ಡೀಸೆಲ್ ಕದಿಯುತ್ತಾರೆ ಅನ್ನೋದೂ ಹಳಬರಿಗೇ ಗೊತ್ತಿರೋದು.

ತೊಂದರೆಗಳೂ ಸಣ್ಣವಲ್ಲ. ವಾರಗಟ್ಟಲೆ ಮನೆ ಇಲ್ಲ. ಫ್ಯಾಕ್ಟರಿ ಗೇಟ್ ಮುಂದೆ ಅನ್‌ಲೋಡ್‌ಗೆ ಎರಡು ದಿನ ಕಾಯಬೇಕಾಗಬಹುದು. ಸೆಕೆಂಡ್ ಡ್ರೈವರ್ ಅಂತ ಸೇರಿಸಿಕೊಂಡು ಬರೀ ಕ್ಲೀನರ್ ಕೆಲಸ ಮಾಡಿಸುವವರೂ ಇದ್ದಾರೆ. ಸೇರುವಾಗಲೇ ನೇರವಾಗಿ ಕೇಳಿ: "ಎಷ್ಟು ದಿನದ ಮೇಲೆ ಸ್ಟೇರಿಂಗ್ ಕೊಡುತ್ತೀರಿ? ಲೋಡ್ ಗಾಡಿ ಯಾವಾಗ?" ಉತ್ತರ ತೇಲಿಸಿದರೆ ಬೇರೆ ಗಾಡಿ ನೋಡಿ. ಮೂರು ತಿಂಗಳಾದರೂ ಖಾಲಿ ಗಾಡಿ ಕೂಡ ಕೈಗೆ ಬರದಿದ್ದರೆ ಆ ಕೆಲಸ ಬಿಡಬಹುದು.

ಟಿಪ್ಪರ್

ಅನುಭವ ಇಲ್ಲದವರನ್ನು ಬೇಗ ಸೇರಿಸಿಕೊಳ್ಳುವುದು ಟಿಪ್ಪರ್ ಕೆಲಸದಲ್ಲಿ. ಕ್ರಷರ್‌ನಿಂದ ಜಲ್ಲಿ, ಎಂ-ಸ್ಯಾಂಡ್, ಪಾಯದಿಂದ ಮಣ್ಣು, ಬಳ್ಳಾರಿ ಸಂಡೂರು ಕಡೆ ಅದಿರು. ಓಟ ಹತ್ತಿರದ್ದು, ಹೆಚ್ಚಿನ ದಿನ ಮನೆಗೆ ಬರಬಹುದು. ಇಕ್ಕಟ್ಟಿನ ಜಾಗದಲ್ಲಿ ತಿರುಗಿಸೋದು, ರಿವರ್ಸ್, ಏರು ದಾರಿಯಲ್ಲಿ ಕ್ಲಚ್ ಹಿಡಿತ ಇವೆಲ್ಲ ಬೇಗ ಕೈಗೆ ಬರುತ್ತವೆ. ಇದು ದೊಡ್ಡ ಲಾಭವೇ.

ಆದರೂ ಮೊದಲ ಕೆಲಸವಾಗಿ ಟಿಪ್ಪರ್ ಹಿಡಿಯಿರಿ ಅಂತ ಹೇಳಲು ನನಗೆ ಮನಸ್ಸು ಬರುವುದಿಲ್ಲ. ಕಾರಣ, ಬಹಳ ಕಡೆ ದುಡ್ಡು ಟ್ರಿಪ್ ಲೆಕ್ಕದಲ್ಲಿ. ಟ್ರಿಪ್ ಜಾಸ್ತಿ ಆಗಬೇಕು ಅಂದರೆ ಸ್ಪೀಡ್ ಜಾಸ್ತಿ ಆಗಬೇಕು. ಪಕ್ಕದಲ್ಲಿ ಕಲಿಸುವವರು ಯಾರೂ ಇರುವುದಿಲ್ಲ. ಹೊಸ ಕೈ, ಒಂಟಿ ಕ್ಯಾಬಿನ್, ಸ್ಪೀಡಿನ ಒತ್ತಡ ಮೂರೂ ಒಟ್ಟಿಗೆ ಬರುವ ಕೆಲಸ ಇದು.

ಅದರ ಮೇಲೆ ಓವರ್‌ಲೋಡ್. 2019ರ ತಿದ್ದುಪಡಿಯ ನಂತರ ಓವರ್‌ಲೋಡ್‌ಗೆ ದಂಡ 20,000 ರೂಪಾಯಿ, ಜೊತೆಗೆ ಹೆಚ್ಚಾದ ಪ್ರತಿ ಟನ್‌ಗೆ 2,000. ದಂಡವನ್ನು ಓನರ್ ಕಟ್ಟಬಹುದು, ಆದರೆ ನಿಮ್ಮ ಲೈಸೆನ್ಸ್ ಅಮಾನತಾದರೆ ಅದನ್ನು ಓನರ್ ಅನುಭವಿಸುವುದಿಲ್ಲ. ಕಲ್ಲು, ಮರಳು, ಅದಿರು ಸಾಗಿಸುವಾಗ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರ್ಮಿಟ್ ಬೇಕು, ಎಂಡಿಪಿ ಅಂತಾರಲ್ಲ ಅದು. ಅದು ಇಲ್ಲದೆ ಸಿಕ್ಕಿಬಿದ್ದರೆ ಗಾಡಿ ಸೀಜ್ ಆಗುತ್ತದೆ, ಆ ಹೊತ್ತಿಗೆ ಸೀಟಿನಲ್ಲಿ ಕೂತಿರುವವರು ನೀವು. ಪರ್ಮಿಟ್ ಕೈಗೆ ಬರದೆ ಗೇಟ್ ದಾಟಬೇಡಿ.

ಡಂಪ್ ಮಾಡುವಾಗಿನ ಎರಡು ಅಪಾಯ ನೆನಪಿಡಿ. ಹಿಂದಿನ ಚಕ್ರದ ಕೆಳಗೆ ಒಂದು ಕಡೆ ಮಣ್ಣು ಮೆತ್ತಗಿದ್ದರೆ ಬಾಡಿ ಎತ್ತಿದ ಕೂಡಲೇ ಗಾಡಿ ಮಗುಚುತ್ತದೆ. ಬಾಡಿ ಎತ್ತುವ ಮುಂಚೆ ಇಳಿದು, ನೆಲ ನೋಡಿ, ತಲೆ ಎತ್ತಿ ಕರೆಂಟ್ ತಂತಿ ಇದೆಯಾ ಅಂತಲೂ ನೋಡಿ.

ಒಂದೇ ಸರಕನ್ನು ನಂಬಿಕೊಂಡ ಕೆಲಸದ ಕಷ್ಟವನ್ನು ಹೊಸಪೇಟೆ, ಸಂಡೂರಿನ ಡ್ರೈವರ್‌ಗಳು ಚೆನ್ನಾಗಿ ಬಲ್ಲರು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿದಾಗ ಅದಿರು ಲಾರಿಗಳು ಸಾಲಾಗಿ ನಿಂತುಬಿಟ್ಟವು. ಟಿಪ್ಪರ್‌ಗೆ ಸೇರಿದರೂ ಹೈವೇ ಓಟ ಕಲಿಯುವ ಅವಕಾಶ ಬಿಡಬೇಡಿ.

ಊರೊಳಗಿನ ಚಿಕ್ಕ ಗಾಡಿ

ಕಲಿಸುವ ಸೀನಿಯರ್ ಸಿಗದವರಿಗೆ ನಾನು ಹೇಳೋದು ಇದನ್ನೇ. 407, ಐಷರ್ 14 ಅಡಿ, ಪಿಕಪ್. ಬೆಂಗಳೂರಿನಲ್ಲಾದರೆ ಪೀಣ್ಯ, ಯಶವಂತಪುರ ಎಪಿಎಂಸಿ, ನೆಲಮಂಗಲ ಮತ್ತು ಹೊಸಕೋಟೆ ಕಡೆಯ ಗೋಡೌನ್‌ಗಳು. ಬೇರೆ ಊರುಗಳಲ್ಲಿ ಕೈಗಾರಿಕಾ ಪ್ರದೇಶ, ಸಿಮೆಂಟ್ ಡೀಲರ್, ಹಾಲಿನ ಡೇರಿ, ಗ್ರಾನೈಟ್ ಅಂಗಡಿ. ಬೆಂಗಳೂರಿನಲ್ಲಿ ಹಗಲು ಹೊತ್ತು ದೊಡ್ಡ ಲಾರಿಗಳಿಗೆ ನಿರ್ಬಂಧ ಇರುವುದರಿಂದ ಚಿಕ್ಕ ಗಾಡಿಗಳಿಗೆ ಕೆಲಸ ಇದ್ದೇ ಇರುತ್ತದೆ.

ಇಲ್ಲಿ ತಪ್ಪಾದರೆ ಬಂಪರ್ ತಾಗುತ್ತದೆ, ಕನ್ನಡಿ ಒಡೆಯುತ್ತದೆ. ಅದೇ ತಪ್ಪು 40 ಟನ್ ಗಾಡಿಯಲ್ಲಾದರೆ ಜೀವ ಹೋಗುತ್ತದೆ. ಟ್ರಾಫಿಕ್‌ನಲ್ಲಿ ತಾಳ್ಮೆ, ಡೆಲಿವರಿ ಚೀಟಿಗೆ ಸಹಿ ಹಾಕಿಸೋದು, ಗಿರಾಕಿ ಜೊತೆ ಮಾತು ಎಲ್ಲ ಇಲ್ಲೇ ಬರುತ್ತದೆ. ಪೋರ್ಟರ್‌ನಂಥ ಆ್ಯಪ್‌ಗೆ ಗಾಡಿ ಬಿಟ್ಟಿರುವ ಓನರ್‌ಗಳೂ ಡ್ರೈವರ್ ಹುಡುಕುತ್ತಿರುತ್ತಾರೆ. ಆದರೆ ಲೋಡಿಂಗ್ ಅನ್‌ಲೋಡಿಂಗ್‌ಗೆ ನೀವೂ ಕೈ ಹಾಕಬೇಕಾ, ಹಾಕಿದರೆ ಅದಕ್ಕೆ ಕೂಲಿ ಯಾರು ಕೊಡುತ್ತಾರೆ ಅಂತ ಮೊದಲೇ ಮಾತಾಡಿ. ಈ ಕೆಲಸದಲ್ಲಿ ಜಗಳ ಶುರುವಾಗುವುದೇ ಅಲ್ಲಿ.

ಕೊರತೆ ಇಷ್ಟೇ: ಎರಡು ವರ್ಷ ಏಸ್ ಓಡಿಸಿದರೂ ಲಾರಿ ಓನರ್ ಅದನ್ನು ಹೆವಿ ಅನುಭವ ಅಂತ ಒಪ್ಪುವುದಿಲ್ಲ. ಹಾಗಾಗಿ ಚಿಕ್ಕ ಗಾಡಿಯಲ್ಲೂ ಮೇಲಕ್ಕೆ ಹೋಗುತ್ತಾ ಇರಿ. ಪಿಕಪ್‌ನಿಂದ 14 ಅಡಿ, ಅಲ್ಲಿಂದ ಆರು ಚಕ್ರದ ಲಾರಿ. ಒಂದೇ ಓನರ್ ಹತ್ತಿರ ಚಿಕ್ಕದು ದೊಡ್ಡದು ಎರಡೂ ಇದ್ದರೆ ಇನ್ನೂ ಒಳ್ಳೆಯದು. ಆರು ತಿಂಗಳು ನಿಮ್ಮನ್ನು ನೋಡಿದವರು ದೊಡ್ಡ ಗಾಡಿ ಕೊಡಲು ಅಷ್ಟು ಯೋಚಿಸುವುದಿಲ್ಲ.

ದೊಡ್ಡ ಕಂಪನಿಗಳ ಗಾಡಿ

ಹುಬ್ಬಳ್ಳಿಯ ವಿಆರ್‌ಎಲ್‌ನಂತೆ ಸ್ವಂತ ಗಾಡಿಗಳನ್ನು ಇಟ್ಟುಕೊಂಡಿರುವ ಸಂಸ್ಥೆಗಳಲ್ಲಿ ರೂಟ್ ಗೊತ್ತಿರುತ್ತದೆ, ಗಾಡಿ ಸರ್ವಿಸ್ ಸರಿಯಾಗಿ ಆಗುತ್ತದೆ, ಸಂಬಳ ಬ್ಯಾಂಕಿಗೆ ಬರುತ್ತದೆ. ಪಿಎಫ್ ಇರುತ್ತದೆ. ತಿಂಗಳ ಸಂಬಳ 21,000 ರೂಪಾಯಿ ಒಳಗಿದ್ದರೆ ಇಎಸ್‌ಐ ಕೂಡ. ಇಎಸ್‌ಐ ಅಂದರೆ ಮನೆಯವರ ಆಸ್ಪತ್ರೆ ಖರ್ಚು. ಡ್ರೈವರ್ ಮನೆಗೆ ಅದು ಸಣ್ಣ ವಿಷಯ ಅಲ್ಲ.

ಕಷ್ಟ ಅಂದರೆ, ಇಂಥ ಕಡೆ ಹೆಚ್ಚಾಗಿ ಎರಡು ಮೂರು ವರ್ಷದ ಅನುಭವ ಕೇಳುತ್ತಾರೆ. ಸುಮ್ನೆ ಅರ್ಜಿ ಹಾಕಿ ಕಾಯುವ ಬದಲು, ಡಿಪೋಗೆ ಹೋಗಿ ಟ್ರೈನಿ ಡ್ರೈವರ್ ತಗೊಳ್ಳುತ್ತೀರಾ, ಯಾರ್ಡ್ ಒಳಗೆ ಗಾಡಿ ಹಿಂದೆ ಮುಂದೆ ಮಾಡುವ ಕೆಲಸ ಇದೆಯಾ ಅಂತ ಕೇಳಿ. ಯಾರ್ಡ್ ಕೆಲಸದಲ್ಲಿ ದಿನವಿಡೀ ಬಗೆಬಗೆಯ ಗಾಡಿಗಳನ್ನು ರಿವರ್ಸ್ ಹಾಕುತ್ತೀರಿ, ಮ್ಯಾನೇಜರ್ ಕಣ್ಣೆದುರಿಗೇ. ಒಳಗೆ ಹೋಗಲು ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ಕಂಡಿಲ್ಲ.

ಸದ್ಯಕ್ಕೆ ಪಕ್ಕಕ್ಕಿಡಬೇಕಾದವು

ಟ್ಯಾಂಕರ್. ಪೆಟ್ರೋಲ್, ಗ್ಯಾಸ್, ಆ್ಯಸಿಡ್ ಸಾಗಿಸಲು ಮೂರು ದಿನದ ತರಬೇತಿಯ ಸರ್ಟಿಫಿಕೇಟ್ ಮತ್ತು ಲೈಸೆನ್ಸ್‌ನಲ್ಲಿ ಬೇರೆ ನಮೂದು ಬೇಕು. ಆ ನಮೂದಿಗೆ 3 ವರ್ಷ ಮಾತ್ರ ಅವಧಿ. ಅರ್ಧ ತುಂಬಿದ ಟ್ಯಾಂಕರ್‌ನಲ್ಲಿ ದ್ರವ ಅಲುಗಾಡಿದಾಗ ಗಾಡಿಯನ್ನು ಅದೇ ಎಳೆಯುತ್ತದೆ. 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಸಮೀಪದ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಮಗುಚಿ ಬೆಂಕಿ ಹತ್ತಿದ್ದನ್ನು ಕರಾವಳಿಯವರು ಮರೆತಿಲ್ಲ. ಎರಡು ಮೂರು ವರ್ಷ ಲೋಡ್ ಗಾಡಿ ಓಡಿಸಿದ ಮೇಲೆ ನೋಡಿ.

ಕೆಎಸ್‌ಆರ್‌ಟಿಸಿ, ಬಿಎಂಟಿಸಿ. ಹಿಂದಿನ ನೇಮಕಾತಿಗಳಲ್ಲಿ ಎಸ್ಸೆಸ್ಸೆಲ್ಸಿ, ಹೆವಿ ಲೈಸೆನ್ಸ್ ಸಿಕ್ಕಿ ಎರಡು ವರ್ಷ, ಪಿಎಸ್‌ವಿ ಬ್ಯಾಡ್ಜ್ (ಪ್ರಯಾಣಿಕರ ಗಾಡಿ ಓಡಿಸಲು ಆರ್‌ಟಿಒ ಕೊಡುವ ಬ್ಯಾಡ್ಜ್) ಕೇಳಿದ್ದಾರೆ. ಸರ್ಕಾರಿ ಕೆಲಸದ ಆಸೆ ಇದ್ದರೆ ಬ್ಯಾಡ್ಜ್ ಈಗಲೇ ಮಾಡಿಸಿಟ್ಟುಕೊಳ್ಳಿ. ಎರಡು ವರ್ಷ ಲಾರಿಯಲ್ಲಿ ಕಳೆಯಲಿ, ಕೈಯೂ ಪಳಗಿರುತ್ತದೆ. ಶಾಲಾ ಬಸ್ಸಿಗಂತೂ 5 ವರ್ಷದ ಅನುಭವ ಬೇಕು, ಅದು ಸರಿಯಾದ ನಿಯಮ ಕೂಡ.

ಗಲ್ಫ್. ಅಲ್ಲಿ ಕೆಲಸ ಮಾಡಲು ಅಲ್ಲಿನ ಲೈಸೆನ್ಸ್ ಬೇರೆ ತೆಗೆಯಬೇಕು. ಅನುಭವ ಇಲ್ಲದವರಿಗೂ ನೇರ ವೀಸಾ ಕೊಡಿಸುತ್ತೇವೆ ಅಂತ ಲಕ್ಷಗಟ್ಟಲೆ ಕೇಳುವವರನ್ನು ನಂಬಬೇಡಿ. ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪಟ್ಟಿಯಲ್ಲಿ ನೋಂದಣಿ ಆಗಿರುವ ಏಜೆಂಟ್ ಹೌದಾ ಅಂತ ನೋಡದೆ ಪಾಸ್‌ಪೋರ್ಟ್ ಕೊಡಲೇಬೇಡಿ.

ಸಂಬಳದ ಲೆಕ್ಕ ಹೀಗೆ ಮಾಡಿ

ಬಾಯಲ್ಲಿ ಹೇಳುವ ಸಂಬಳ ಬೇರೆ, ತಿಂಗಳ ಕೊನೆಗೆ ಮನೆಗೆ ಬರುವ ದುಡ್ಡು ಬೇರೆ. ಲೆಕ್ಕ ತೋರಿಸಲು ಒಂದು ಉದಾಹರಣೆ ಹಾಕುತ್ತೇನೆ. ಒಬ್ಬರು ಲೋಕಲ್ ಗಾಡಿಗೆ ತಿಂಗಳಿಗೆ 20,000 ಅಂತಾರೆ, ಬಾಟಾ (ದಿನದ ಖರ್ಚಿಗೆ ಕೊಡುವ ಭತ್ಯೆ) ಇಲ್ಲ. ಇನ್ನೊಬ್ಬರು ಲಾಂಗ್ ಗಾಡಿಗೆ 12,000 ಸಂಬಳ, ರಸ್ತೆ ಮೇಲಿದ್ದ ದಿನಕ್ಕೆ 500 ಬಾಟಾ ಅಂತಾರೆ. ತಿಂಗಳಲ್ಲಿ 22 ದಿನ ರಸ್ತೆಯಲ್ಲಿದ್ದರೆ ಎರಡನೆಯದು 23,000 ಆಯಿತು. ಆದರೆ ಆ 22 ದಿನ ಊಟ, ಟೀ, ಸ್ನಾನಕ್ಕೆ ದಿನಕ್ಕೆ 300 ಅಂದರೂ 6,600 ಹೋಯಿತು. ಉಳಿದದ್ದು 16,400. ಲೋಡ್ ಸಿಗದೆ ಗಾಡಿ ನಿಂತ ದಿನಕ್ಕೆ ಬಾಟಾ ಇದೆಯಾ? ಇಲ್ಲ ಅಂದರೆ ಇನ್ನೂ ಕಮ್ಮಿ. ಹೀಗಿದ್ದರೂ ಒಳ್ಳೆಯ ಸೀನಿಯರ್ ಇದ್ದರೆ ಮೊದಲ ವರ್ಷಕ್ಕೆ ನಾನು ಎರಡನೆಯದನ್ನೇ ಆರಿಸುತ್ತೇನೆ. ಮನೆಯಲ್ಲಿ ಸಾಲದ ಕಂತು ಇದ್ದರೆ ಮಾತ್ರ ಮೊದಲನೆಯದು.

ಸೇರುವ ಮುಂಚೆ ಇನ್ನೂ ಕೆಲವು ವಿಷಯ ಬಾಯಿಬಿಟ್ಟು ಕೇಳಿ. ಮಾಲು ಶಾರ್ಟೇಜ್ ಬಂದರೆ ಯಾರ ಸಂಬಳದಲ್ಲಿ ಹಿಡಿಯುತ್ತಾರೆ? ಟೈರ್ ಸಿಡಿದರೆ? ಡೀಸೆಲ್ ಆವರೇಜ್ ಎಷ್ಟು ಕೊಡಬೇಕು, ಕಮ್ಮಿ ಬಂದರೆ ಕಟ್ ಮಾಡುತ್ತಾರಾ? ಹಳೇ ಗಾಡಿ, ಘಾಟಿ ರೂಟ್‌ನಲ್ಲಿ ಹೊಸ ಗಾಡಿಯ ಆವರೇಜ್ ಕೇಳಿದರೆ ತಿಂಗಳಾ ತಿಂಗಳಾ ನಿಮ್ಮ ಜೇಬಿಗೆ ಕೈ ಹಾಕಿದಂತೆಯೇ. ಕಾನೂನಿನಲ್ಲಿ ಡ್ರೈವರ್ ಕೆಲಸ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂತ ಇದೆ. ರಸ್ತೆಯಲ್ಲಿ ಯಾರೂ ಅದನ್ನು ಪಾಲಿಸದಿದ್ದರೂ, ನಿದ್ದೆ ಬಂದಾಗ ನಿಲ್ಲಿಸಬೇಡ ಅನ್ನುವ ಓನರ್ ಹತ್ತಿರ ಒಂದು ದಿನವೂ ಇರಬೇಡಿ. ಒರಿಜಿನಲ್ ಲೈಸೆನ್ಸ್ ಒತ್ತೆ ಇಡಬೇಡಿ. ದೊಡ್ಡ ಅಡ್ವಾನ್ಸ್ ಕೂಡ ತಗೊಳ್ಳಬೇಡಿ. ಸಾಲ ತೀರುವವರೆಗೆ ಕೆಟ್ಟ ಗಾಡಿಯನ್ನೂ ಬಿಡಲು ಆಗುವುದಿಲ್ಲ.

ಎಲ್ಲಿ ಕೇಳೋದು, ಟ್ರಯಲ್‌ನಲ್ಲಿ ಏನು ಮಾಡೋದು

ಮೊಬೈಲ್‌ನಲ್ಲಿ ಬರುವ ಜಾಹೀರಾತಿಗಿಂತ ಲಾರಿ ನಿಲ್ಲುವ ಜಾಗಕ್ಕೆ ಹೋಗೋದು ಒಳ್ಳೆಯದು. ಎಪಿಎಂಸಿ ಯಾರ್ಡ್, ಟ್ರಾನ್ಸ್‌ಪೋರ್ಟ್ ಆಫೀಸ್, ಲಾರಿ ಓನರ್‌ಗಳ ಸಂಘ, ಟೈರ್ ಅಂಗಡಿ, ಬಾಡಿ ಕಟ್ಟುವ ಶೆಡ್. ಮೆಕ್ಯಾನಿಕ್‌ಗಳನ್ನು ತಪ್ಪದೇ ಕೇಳಿ. ಯಾವ ಓನರ್ ಬ್ರೇಕ್ ಕೆಲಸ ಮುಂದಕ್ಕೆ ಹಾಕುತ್ತಾರೆ, ಯಾರು ಸಂಬಳ ಸರಿಯಾಗಿ ಕೊಡುತ್ತಾರೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಕೆಲಸ ಕೊಡಿಸಲು ಮುಂಗಡ ದುಡ್ಡು ಕೇಳುವವರಿಂದ ದೂರ ಇರಿ.

ಟ್ರಯಲ್ ದಿನ ಸೀದಾ ಸೀಟಿಗೆ ಹತ್ತಬೇಡಿ. ಗಾಡಿ ಸುತ್ತ ಒಂದು ಸುತ್ತು ಬನ್ನಿ. ಟೈರ್ ತಟ್ಟಿ ನೋಡಿ, ಆಯಿಲ್, ಕೂಲೆಂಟ್ ನೋಡಿ. ಸ್ಟಾರ್ಟ್ ಮಾಡಿ ಏರ್ ಗೇಜ್ ಮೇಲೇರುವವರೆಗೆ ಕಾಯಿರಿ. ಕನ್ನಡಿ, ಸೀಟು ಸರಿ ಮಾಡಿಕೊಳ್ಳಿ. ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸಬೇಡಿ. ರಿವರ್ಸ್‌ನಲ್ಲಿ ಅನುಮಾನ ಬಂದರೆ ಇಳಿದು ನೋಡಿ ಬನ್ನಿ. ಇದನ್ನು ಅವಮಾನ ಅಂದುಕೊಳ್ಳಬೇಡಿ, ಓನರ್ ನೋಡುತ್ತಿರುವುದೇ ಅದನ್ನು. ಎಷ್ಟು ಸ್ಪೀಡ್ ಹೋದಿರಿ ಅನ್ನೋದರಿಂದ ಯಾರೂ ಹೊಸಬರಿಗೆ ಗಾಡಿ ಕೊಟ್ಟಿಲ್ಲ.

ಸೇರಿದ ಮೇಲೆ ಒಂದು ಮಾತು ಪಟ್ಟಾಗಿ ಹಿಡಿಯಿರಿ: ಲೋಡ್ ಮೇಲೆ ಜನ ಕೂರಿಸಬೇಡಿ, ಗುರುತಿನವರಾದರೂ. 2025ರ ಜನವರಿಯಲ್ಲಿ ಯಲ್ಲಾಪುರದ ಬಳಿ ತರಕಾರಿ ಲಾರಿ ಮಗುಚಿದಾಗ ಸಂತೆಗೆ ಹೊರಟಿದ್ದ ವ್ಯಾಪಾರಿಗಳು ಅದರಲ್ಲೇ ಪ್ರಾಣ ಬಿಟ್ಟರು.

ಅನುಭವಕ್ಕೆ ಪುರಾವೆ

ಎರಡು ವರ್ಷ ಬೆವರು ಸುರಿಸಿ ಓಡಿಸಿದ ಹುಡುಗ ಮುಂದಿನ ಕೆಲಸಕ್ಕೆ ಹೋದಾಗ ತೋರಿಸಲು ಒಂದು ಕಾಗದವೂ ಇರುವುದಿಲ್ಲ. ಇದು ನನಗೆ ತುಂಬಾ ನೋವಿನ ವಿಷಯ. ಸಂಬಳವನ್ನು ಆದಷ್ಟು ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಿ. ಪಿಎಫ್ ಇದ್ದರೆ ಯುಎಎನ್ (ಪಿಎಫ್ ಖಾತೆ ನಂಬರ್) ಪಾಸ್‌ಬುಕ್ಕೇ ಒಳ್ಳೆಯ ಪುರಾವೆ, ಎಲ್ಲಿ ಯಾವ ತಿಂಗಳು ಕೆಲಸ ಮಾಡಿದಿರಿ ಅಂತ ಅದರಲ್ಲೇ ಇರುತ್ತದೆ. ಚಿಕ್ಕ ಓನರ್ ಹತ್ತಿರ ಇದ್ದರೆ ಟ್ರಿಪ್ ಶೀಟ್ ಮತ್ತು ಎಲ್‌ಆರ್‌ನ (ಸರಕಿನ ಲಾರಿ ರಸೀದಿ) ಫೋಟೋ ತೆಗೆದಿಡಿ. ನಿಮ್ಮ ಹೆಸರು, ಗಾಡಿ ನಂಬರ್, ದಿನಾಂಕ ಅದರಲ್ಲಿ ಕಾಣಬೇಕು. ಕೆಲಸ ಬಿಡುವಾಗ ಯಾವ ಗಾಡಿ, ಯಾವ ರೂಟ್, ಎಷ್ಟು ತಿಂಗಳು, ಅಪಘಾತ ಇತ್ತಾ ಇಲ್ಲವಾ ಅಂತ ಲೆಟರ್‌ಹೆಡ್‌ನಲ್ಲಿ ನಾಲ್ಕು ಸಾಲು ಬರೆಸಿಕೊಳ್ಳಿ. ಒಳ್ಳೆಯ ಮಾತಿನಲ್ಲಿ ಬಿಟ್ಟು ಬಂದರೆ ಯಾವ ಓನರ್ ಕೂಡ ಇದಕ್ಕೆ ಇಲ್ಲ ಅನ್ನುವುದಿಲ್ಲ. ಹಾಗಾಗಿ ಲೋಡ್ ಅರ್ಧ ದಾರಿಯಲ್ಲಿ ಬಿಟ್ಟು ಎದ್ದು ಬರಬೇಡಿ. ಮಾಲು ಇಳಿಸಿ, ಗಾಡಿ ತಂದು ನಿಲ್ಲಿಸಿ, ಬಾಕಿ ಲೆಕ್ಕ ಮುಗಿಸಿ, ಆ ಕಾಗದ ಕೈಗೆ ಬಂದ ಮೇಲೆ ಕೀ ಕೊಡಿ.